ಡಿಜಿಟಲ್ ಛಾಯಾಗ್ರಹಣದಲ್ಲಿ ಎಕ್ಸ್‌ಪೋಷರ್

ಒಂದು ಚಿತ್ರ ದಾಖಲಾಗುವಷ್ಟು ಹೊತ್ತಿನಲ್ಲಿ ಕ್ಯಾಮೆರಾದ ಸೆನ್ಸರ್ ಮೇಲೆ ಬೀಳುವ ಬೆಳಕಿನ ಮೊತ್ತಕ್ಕೆ ಎಕ್ಸ್‌ಪೋಷರ್ ಎಂದು ಹೆಸರು. ಎದುರಿನ ದೃಶ್ಯದಲ್ಲಿರುವ ಬೆಳಕು, ಲೆನ್ಸಿನೊಳಗಿನ ಕಿಂಡಿಯ (ಅಪರ್ಚರ್) ಅಗಲ, ಷಟರ್ ತೆರೆದಿರುವ ಅವಧಿ, ಈ ಮೂರೂ ಸೇರಿ ಅದನ್ನು ಗೊತ್ತುಮಾಡುತ್ತವೆ. ಮೊದಲನೆಯದು ಬಹುಪಾಲು ಛಾಯಾಗ್ರಾಹಕರ ಹಿಡಿತದಲ್ಲಿರುವುದಿಲ್ಲ. ಉಳಿದೆರಡನ್ನು ಅವರು ಹೊಂದಿಸಿಕೊಳ್ಳಬಹುದು. ಇವೆರಡರ ಜೊತೆಗೆ ಐಎಸ್‌ಒ ಎಂಬುದನ್ನೂ ಸೇರಿಸಿ 'ಎಕ್ಸ್‌ಪೋಷರ್ ತ್ರಿಕೋನ' ಎಂದು ಕಲಿಸುವ ರೂಢಿಯಿದೆ. ನೆನಪಿಟ್ಟುಕೊಳ್ಳಲು ತ್ರಿಕೋನ ಅನುಕೂಲವೇ. ಆದರೆ ಅದರ ಮೂರು ಭುಜಗಳೂ ಒಂದೇ ಬಗೆಯವಲ್ಲ: ಅಪರ್ಚರ್ ಮತ್ತು ಷಟರ್ ಬೆಳಕನ್ನು ಒಳಗೆ ಬಿಡುತ್ತವೆ, ಐಎಸ್‌ಒ ಒಂದು ಕಣ ಬೆಳಕನ್ನೂ ತರುವುದಿಲ್ಲ. ಕಲಿಯುವವರನ್ನು ಕಾಡುವ ಗೊಂದಲಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸ ಮರೆಯಾಗುವುದರಿಂದ ಹುಟ್ಟುತ್ತವೆ.

ಬೆಳಕನ್ನು ಅಳೆದು ಕೊಡುವ ಸಮಸ್ಯೆ ಛಾಯಾಗ್ರಹಣದಷ್ಟೇ ಹಳೆಯದು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದ ಚಿತ್ರಕ್ಕೆ ಹಲವು ಗಂಟೆಗಳ ಬಿಸಿಲು ಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ಸೂರ್ಯ ಆಕಾಶದ ಈಚೆಯಿಂದ ಆಚೆಗೆ ಸರಿದದ್ದರಿಂದ ಆ ಚಿತ್ರದ ಕಟ್ಟಡಗಳ ಎರಡೂ ಬದಿಗೆ ಬಿಸಿಲು ಬಿದ್ದಂತೆ ಕಾಣುತ್ತದೆ. ಬೆಳಕಿನ ಮೊತ್ತಕ್ಕೂ ಫಲಕ ಕಪ್ಪಾಗುವ ಪ್ರಮಾಣಕ್ಕೂ ಇರುವ ಸಂಬಂಧವನ್ನು ಮೊದಲು ಕ್ರಮಬದ್ಧವಾಗಿ ಅಳೆದವರು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಫರ್ಡಿನಾಂಡ್ ಹರ್ಟರ್ ಮತ್ತು ವೀರೋ ಡ್ರಿಫೀಲ್ಡ್. ಅವರ ಪ್ರಬಂಧ 1890ರಲ್ಲಿ ಪ್ರಕಟವಾಯಿತು. 1930ರ ದಶಕದಲ್ಲಿ ದ್ಯುತಿವಿದ್ಯುತ್ ಲೈಟ್ ಮೀಟರ್‌ಗಳು ಬಳಕೆಗೆ ಬಂದು ಊಹೆಯ ಜಾಗವನ್ನು ಅಳತೆ ಹಿಡಿಯಿತು. ಡಿಜಿಟಲ್ ಯುಗದ ಬೀಜ ಬಿದ್ದದ್ದು 1969ರಲ್ಲಿ. ಆ ವರ್ಷ ಬೆಲ್ ಪ್ರಯೋಗಾಲಯದಲ್ಲಿ ಸಿಸಿಡಿ ಎಂಬ ಎಲೆಕ್ಟ್ರಾನಿಕ್ ಸೆನ್ಸರನ್ನು ರೂಪಿಸಿದ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕೊಡ್ಯಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಡಿಜಿಟಲ್ ಕ್ಯಾಮೆರಾ 10,000 ಪಿಕ್ಸೆಲ್‌ಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮೊದಲಾದವರ ಹೆಚ್ಚಿನ ಕೆಲಸ ನಡೆದದ್ದು ಫಿಲ್ಮಿನ ಮೇಲೆ. 35 ಮಿಮೀ ರೋಲಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 36 ಚಿತ್ರ. ಫಲ ಕಾಣುವುದು ಫಿಲ್ಮ್ ತೊಳೆದ ಮೇಲೆ. ಹಾಗಾಗಿ ಎಕ್ಸ್‌ಪೋಷರಿನ ಲೆಕ್ಕ ಗುಂಡಿ ಒತ್ತುವ ಮೊದಲೇ ತಲೆಯಲ್ಲಿ ಮುಗಿದಿರಬೇಕಿತ್ತು. ಇಂದಿನ ಕ್ಯಾಮೆರಾ ಫಲವನ್ನು ಕೂಡಲೇ ತೋರಿಸುತ್ತದೆ, ಲೆಕ್ಕವನ್ನೂ ತಾನೇ ಮಾಡುತ್ತದೆ. ಲೆಕ್ಕದ ತತ್ವ ಮಾತ್ರ ಹಾಗೆಯೇ ಉಳಿದಿದೆ.

ಸ್ಟಾಪ್: ಬೆಳಕನ್ನು ಇಮ್ಮಡಿ ಮಾಡುವ ಅಥವಾ ಅರ್ಧಕ್ಕಿಳಿಸುವ ಒಂದು ಹೆಜ್ಜೆಯೇ ಸ್ಟಾಪ್. ಎಕ್ಸ್‌ಪೋಷರಿನ ಎಲ್ಲ ಮಾತೂ ಈ ಏಕಮಾನದಲ್ಲೇ ನಡೆಯುತ್ತದೆ. ಕಣ್ಣು ಬೆಳಕಿನ ಏರಿಳಿತವನ್ನು ಕೂಡಿಸಿ ಅಲ್ಲ, ಗುಣಿಸಿ ಗ್ರಹಿಸುವುದರಿಂದ ಈ ಪದ್ಧತಿ ಸಹಜವಾಗಿಯೇ ಒಗ್ಗುತ್ತದೆ. ಮೂರು ಸ್ಟಾಪ್ ಹೆಚ್ಚೆಂದರೆ ಎಂಟು ಪಟ್ಟು, ಹತ್ತು ಸ್ಟಾಪ್ ಹೆಚ್ಚೆಂದರೆ 1,024 ಪಟ್ಟು ಬೆಳಕು. ಈಗಿನ ಕ್ಯಾಮೆರಾಗಳ ಚಕ್ರ ಸಾಮಾನ್ಯವಾಗಿ ಮೂರನೇ ಒಂದು ಸ್ಟಾಪಿನಷ್ಟು ತಿರುಗುತ್ತದೆ. ಮೂರು ಬಾರಿ ಟಿಕ್ ಎಂದರೆ ಒಂದು ಸ್ಟಾಪ್ ಸರಿದಂತೆ.

ಅಪರ್ಚರ್: ಲೆನ್ಸಿನೊಳಗೆ ಒಂದರ ಮೇಲೊಂದು ಮಡಚಿಕೊಳ್ಳುವ ತೆಳುವಾದ ಅಲಗುಗಳಿಂದಾದ ಕಿಂಡಿ ಇದು. ಅಗಲವನ್ನು ಎಫ್-ಸಂಖ್ಯೆಯಿಂದ ಸೂಚಿಸುತ್ತಾರೆ. ಲೆನ್ಸಿನ ಸಂಗಮದೂರವನ್ನು ಮುಂದಿನಿಂದ ಕಾಣುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಎಫ್-ಸಂಖ್ಯೆ ಸಿಗುತ್ತದೆ. 50 ಮಿಮೀ ಲೆನ್ಸಿನ ಕಿಂಡಿ 25 ಮಿಮೀ ಇದ್ದರೆ ಅದು ಎಫ್/2, 12.5 ಮಿಮೀಗೆ ಕಿರಿದಾದರೆ ಎಫ್/4. ಭಾಜಕ ಚಿಕ್ಕದಾದಂತೆ ಭಾಗಲಬ್ಧ ದೊಡ್ಡದಾಗುವುದರಿಂದ, ದೊಡ್ಡ ಎಫ್-ಸಂಖ್ಯೆ ಎಂದರೆ ಚಿಕ್ಕ ಕಿಂಡಿ. 1, 1.4, 2, 2.8, 4, 5.6, 8, 11, 16, 22 ಎಂಬ ಸರಣಿ ಮೊದಲ ನೋಟಕ್ಕೆ ಅಡ್ಡಾದಿಡ್ಡಿ ಅನ್ನಿಸಬಹುದು. ಒಳಬರುವ ಬೆಳಕು ಕಿಂಡಿಯ ವಿಸ್ತೀರ್ಣವನ್ನು ಅವಲಂಬಿಸುತ್ತದೆ, ವಿಸ್ತೀರ್ಣ ವ್ಯಾಸದ ವರ್ಗವನ್ನು ಅವಲಂಬಿಸುತ್ತದೆ. ಹಾಗಾಗಿ ಬೆಳಕು ಅರ್ಧವಾಗಲು ವ್ಯಾಸ 2ರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು, ಕುಗ್ಗಿದರೆ ಸಾಕು. ಸರಣಿಯ ಪ್ರತಿ ಸಂಖ್ಯೆಯೂ ಹಿಂದಿನದರ 1.4 ಪಟ್ಟು, ಪ್ರತಿ ಹೆಜ್ಜೆಯೂ ಒಂದು ಸ್ಟಾಪ್.

ಅಪರ್ಚರ್ ಬದಲಾದಾಗ ಬೆಳಕಿನ ಜೊತೆಗೆ ಫೋಕಸಿನ ಆಳವೂ ಬದಲಾಗುತ್ತದೆ. ಎಫ್/1.8ರಲ್ಲಿ ಹತ್ತಿರದಿಂದ ತೆಗೆದ ಭಾವಚಿತ್ರದಲ್ಲಿ ಕಣ್ಣು ಚುರುಕಾಗಿದ್ದು ಕಿವಿಯೇ ಮಸುಕಾಗಿರಬಹುದು. ಅದೇ ಎಫ್/11ಕ್ಕೆ ಹೋದರೆ ಮುಂದಿನ ಬಂಡೆಯಿಂದ ಹಿಂದಿನ ಬೆಟ್ಟದವರೆಗೆ ಸ್ಪಷ್ಟತೆ ಹಬ್ಬುತ್ತದೆ. ಆಳವನ್ನು ನಿರ್ಧರಿಸುವುದು ಎಫ್-ಸಂಖ್ಯೆಯೊಂದೇ ಅಲ್ಲ. ವಸ್ತು ಹತ್ತಿರವಾದಷ್ಟೂ, ಲೆನ್ಸ್ ಉದ್ದವಾದಷ್ಟೂ ಆಳ ಕಡಿಮೆಯಾಗುತ್ತದೆ. ಚಿಟ್ಟೆ, ಜೇಡಗಳ ಮ್ಯಾಕ್ರೋ ಚಿತ್ರಗಳಲ್ಲಿ ಎಫ್/11ರಲ್ಲೂ ಕೆಲವೇ ಮಿಲಿಮೀಟರಿನಷ್ಟು ಜಾಗ ಮಾತ್ರ ಸ್ಪಷ್ಟವಾಗಿರುವುದು ಈ ಕಾರಣಕ್ಕೆ. ಹಾಗೆಂದು ಕಿಂಡಿಯನ್ನು ಎಷ್ಟು ಬೇಕಾದರೂ ಮುಚ್ಚುತ್ತ ಹೋಗುವಂತಿಲ್ಲ. ತೀರ ಕಿರಿದಾದ ಕಿಂಡಿಯ ಅಂಚಿನಲ್ಲಿ ಬೆಳಕಿನ ಅಲೆಗಳು ಬಾಗಿ ಹರಡುವ ವಿವರ್ತನೆಯಿಂದಾಗಿ ಎಫ್/16ರಿಂದಾಚೆಗೆ ಇಡೀ ಚಿತ್ರವೇ ತುಸು ಮೆತ್ತಗಾಗುತ್ತದೆ. ಚಿಕ್ಕ ಸೆನ್ಸರ್‌ಗಳಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಅನೇಕ ಲೆನ್ಸ್‌ಗಳು ಪೂರ್ತಿ ತೆರೆದಾಗಿನದಕ್ಕಿಂತ ಎರಡು ಮೂರು ಸ್ಟಾಪ್ ಮುಚ್ಚಿದಾಗ ಹೆಚ್ಚು ಚುರುಕಾದ ಚಿತ್ರ ಕೊಡುತ್ತವೆ.

ಷಟರ್: ಸೆನ್ಸರ್ ಬೆಳಕಿಗೆ ತೆರೆದುಕೊಳ್ಳುವ ಅವಧಿ ಷಟರಿನದು. 1, 1/2, 1/4, 1/8, 1/15, 1/30, 1/60, 1/125, 1/250, 1/500, 1/1000 ಸೆಕೆಂಡು, ಹೀಗೆ ಒಂದೊಂದು ಸ್ಟಾಪಿನ ಅಂತರದಲ್ಲಿ ಅದರ ಅಳತೆ ಸಾಗುತ್ತದೆ. ಬೆಳಕಿನಷ್ಟೇ ಚಲನೆಯನ್ನೂ ಇದು ಆಳುತ್ತದೆ. ನೀರಿಗೆ ಧುಮುಕುವ ಮಿಂಚುಳ್ಳಿಯ ರೆಕ್ಕೆ ನಿಂತಂತೆ ಕಾಣಬೇಕಾದರೆ 1/2000 ಅಥವಾ ಅದಕ್ಕೂ ಕಡಿಮೆ ಅವಧಿ ಬೇಕು. ಜೋಗದ ಧಾರೆ ರೇಷ್ಮೆಯ ನೂಲಿನ ಹಾಗೆ ಇಳಿಯಬೇಕಾದರೆ ಅರ್ಧ ಸೆಕೆಂಡಿನಿಂದ ಕೆಲವು ಸೆಕೆಂಡುಗಳವರೆಗೆ ತೆರೆದಿಡಬೇಕು, ಅದಕ್ಕೆ ಟ್ರೈಪಾಡ್ ಬೇಕೇ ಬೇಕು. ಹಗಲಿನಲ್ಲಿ ಅಷ್ಟು ಹೊತ್ತು ತೆರೆದರೆ ಚಿತ್ರ ಬರಿ ಬಿಳಿಯಾಗುತ್ತದಾದ್ದರಿಂದ ಲೆನ್ಸಿನ ಮುಂದೆ ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುತ್ತಾರೆ. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ 1/125 ಸೆಕೆಂಡನ್ನು ಸುಮಾರು 8 ಸೆಕೆಂಡಿಗೆ ಹಿಗ್ಗಿಸುತ್ತದೆ.

ಕೈಯಲ್ಲಿ ಹಿಡಿದು ತೆಗೆಯುವಾಗ ಅವಧಿ ಸಂಗಮದೂರದ ವಿಲೋಮಕ್ಕಿಂತ ಹೆಚ್ಚಾಗಬಾರದು ಎಂಬುದು ಹಳೆಯ ಸೂತ್ರ: 50 ಮಿಮೀ ಲೆನ್ಸಿಗೆ ಸುಮಾರು 1/60, 400 ಮಿಮೀ ಲೆನ್ಸಿಗೆ 1/400. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ನೋಟದ ಕೋನ ಕಿರಿದಾಗುವುದರಿಂದ ಇನ್ನೂ ಕಡಿಮೆ ಅವಧಿ ಬೇಕಾಗುತ್ತದೆ. ಲೆನ್ಸಿನಲ್ಲೋ ಕ್ಯಾಮೆರಾದೊಳಗೋ ಇರುವ ಸ್ಥಿರೀಕರಣ ವ್ಯವಸ್ಥೆ ಈ ಮಿತಿಯನ್ನು ಹಲವು ಸ್ಟಾಪ್ ಸಡಿಲಿಸುತ್ತದೆ. ಅದು ತಡೆಯುವುದು ಕೈಯ ನಡುಕವನ್ನಷ್ಟೇ. ಓಡುತ್ತಿರುವ ಮಗು ಮಸುಕಾಗುವುದನ್ನು ಯಾವ ಸ್ಥಿರೀಕರಣವೂ ತಪ್ಪಿಸಲಾರದು.

ಬಹುಪಾಲು ಕ್ಯಾಮೆರಾಗಳ ಯಾಂತ್ರಿಕ ಷಟರ್ ಎರಡು ಪರದೆಗಳದ್ದು. ಒಂದು ಸರಿದು ಸೆನ್ಸರನ್ನು ತೆರೆಯುತ್ತದೆ, ಇನ್ನೊಂದು ಅದರ ಬೆನ್ನಿಗೇ ಬಂದು ಮುಚ್ಚುತ್ತದೆ. ಬಹಳ ಕಡಿಮೆ ಅವಧಿಗಳಲ್ಲಿ ಇಡೀ ಸೆನ್ಸರ್ ಒಮ್ಮೆಗೇ ತೆರೆದಿರುವುದಿಲ್ಲ; ಒಂದು ಸೀಳು ಅದರ ಮೇಲೆ ಹಾದುಹೋಗುತ್ತದೆ. ಫ್ಲಾಶ್ ಬಳಸುವಾಗ ಸಾಮಾನ್ಯವಾಗಿ 1/200 ಅಥವಾ 1/250ರ ಮಿತಿ ಇರುವುದು ಇದರಿಂದ. ಎಲೆಕ್ಟ್ರಾನಿಕ್ ಷಟರಿನಲ್ಲಿ ಪರದೆಯಿಲ್ಲ, ಆದರೆ ಸೆನ್ಸರ್ ಸಾಲು ಸಾಲಾಗಿ ಓದಿಕೊಳ್ಳುವುದರಿಂದ ವೇಗವಾಗಿ ಹಾಯುವ ಬಸ್ಸು ಓರೆಯಾಗಿ ಕಾಣಬಹುದು. ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟುಗಳು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಲ್ಯಾಣಮಂಟಪದ ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬರಲು ಇದೇ ಕಾರಣ. ಅವಧಿಯನ್ನು 1/100ಕ್ಕೋ 1/50ಕ್ಕೋ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಮಿನುಗು ದಕ್ಕಿ ಪಟ್ಟೆ ಮಾಯವಾಗುತ್ತದೆ. ಎಲ್ಲ ಪಿಕ್ಸೆಲ್‌ಗಳನ್ನೂ ಏಕಕಾಲಕ್ಕೆ ತೆರೆದು ಮುಚ್ಚುವ ಗ್ಲೋಬಲ್ ಷಟರ್ 2023ರಲ್ಲಿ ಘೋಷಣೆಯಾದ ಸೋನಿ ಆಲ್ಫಾ 9ರ ಮೂರನೇ ಮಾದರಿಯ ಮೂಲಕ ಪೂರ್ಣ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಬಂದಿತು.

ಐಎಸ್‌ಒ: ಫಿಲ್ಮಿನ ಕಾಲದಲ್ಲಿ ಇದು ಫಿಲ್ಮಿನ ಗುಣವಾಗಿತ್ತು, ಬೆಳಕಿಗೆ ಅದು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ. ಅಮೆರಿಕದ ಎಎಸ್‌ಎ ಮತ್ತು ಜರ್ಮನಿಯ ಡಿಐಎನ್ ಎಂಬ ಎರಡು ಅಳತೆಗಳನ್ನು 1974ರಲ್ಲಿ ಒಂದುಗೂಡಿಸಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ತನ್ನ ಹೆಸರು ಕೊಟ್ಟಿತು. ವೇಗದ ಫಿಲ್ಮಿನಲ್ಲಿ ಬೆಳ್ಳಿಯ ಹರಳುಗಳು ದೊಡ್ಡವು, ಹಾಗಾಗಿ ಕಡಿಮೆ ಬೆಳಕು ಸಾಕಾಗುತ್ತಿತ್ತು, ಚಿತ್ರ ಮಾತ್ರ ತರಿತರಿಯಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾಗಳಿಗಾಗಿ ಬೇರೆ ಮಾನಕ, ಐಎಸ್‌ಒ 12232, 1998ರಲ್ಲಿ ಬಂದಿತು. ಇಲ್ಲಿ ಸೆನ್ಸರ್ ಬದಲಾಗುವುದಿಲ್ಲ. ಬಿದ್ದ ಬೆಳಕಿನಿಂದ ಹುಟ್ಟಿದ ವಿದ್ಯುತ್ ಸಂಕೇತವನ್ನು ಎಷ್ಟು ವರ್ಧಿಸಬೇಕು, ಕೊನೆಗೆ ಚಿತ್ರವನ್ನು ಎಷ್ಟು ಬೆಳ್ಳಗೆ ತೋರಿಸಬೇಕು ಎಂಬುದನ್ನಷ್ಟೇ ಐಎಸ್‌ಒ ಸಂಖ್ಯೆ ಹೇಳುತ್ತದೆ. ಮಾನಕ ತಯಾರಕರಿಗೆ ಕೊಂಚ ಸಲುಗೆ ಕೊಟ್ಟಿರುವುದರಿಂದ ಒಂದೇ ಸಂಖ್ಯೆಯಲ್ಲಿ ಎರಡು ಕ್ಯಾಮೆರಾಗಳ ಚಿತ್ರ ಬೇರೆ ಬೇರೆ ಹೊಳಪು ತೋರುವುದುಂಟು.

ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಏರುಪೇರು, ಬರುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅನುಭವಕ್ಕೆ ಹಾಗೆಯೇ ತೋರುತ್ತದೆ, ಆದರೆ ಕಾರಣ ಅದಲ್ಲ. ಬೆಳಕು ಫೋಟಾನುಗಳೆಂಬ ಬಿಡಿ ಬಿಡಿ ಕಣಗಳಾಗಿ, ಕ್ರಮವಿಲ್ಲದೆ ಬೀಳುತ್ತದೆ. ಮಳೆಯ ಮೊದಲ ಹನಿಗಳು ಅಂಗಳದಲ್ಲಿ ಒಂದೆಡೆ ಒತ್ತಾಗಿ, ಇನ್ನೊಂದೆಡೆ ವಿರಳವಾಗಿ ಬೀಳುತ್ತವೆ. ಚೆನ್ನಾಗಿ ಸುರಿದ ಮೇಲೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಪಿಕ್ಸೆಲ್‌ಗಳ ವಿಚಾರವೂ ಹೀಗೆಯೇ. ಏರುಪೇರು ಫೋಟಾನುಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ: ಸರಾಸರಿ 10,000 ಫೋಟಾನು ದಾಖಲಾದರೆ ಏರುಪೇರು 100, ಅಂದರೆ ಶೇ. 1, ಕೇವಲ 100 ದಾಖಲಾದರೆ ಏರುಪೇರು 10, ಅಂದರೆ ಶೇ. 10. ನಾಯ್ಸಿನ ದೊಡ್ಡ ಪಾಲು ಈ ಬಡತನದಿಂದ ಬರುತ್ತದೆ. ಹೆಚ್ಚಿನ ಐಎಸ್‌ಒ ಇಟ್ಟಾಗ ಮೀಟರ್ ಕಡಿಮೆ ಬೆಳಕಿನಲ್ಲೇ ಕೆಲಸ ಮುಗಿಸುತ್ತದೆ. ಕಡಿಮೆ ಬೆಳಕು ಹೆಚ್ಚು ನಾಯ್ಸ್ ತರುತ್ತದೆ. ವರ್ಧನೆ ಅದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಸೆನ್ಸರಿನಿಂದ ಸಂಕೇತವನ್ನು ಓದುವಾಗ ಸೇರಿಕೊಳ್ಳುವ ವಿದ್ಯುನ್ಮಾನ ನಾಯ್ಸ್ ಇನ್ನೊಂದು ಪಾಲು. ಇದು ಹೆಚ್ಚಿನ ಐಎಸ್‌ಒದಲ್ಲಿ ಎಷ್ಟೋ ಕ್ಯಾಮೆರಾಗಳಲ್ಲಿ ಕಡಿಮೆಯೇ ಆಗುತ್ತದೆ. ಆದ್ದರಿಂದ ಕತ್ತಲೆಯಲ್ಲಿ ಐಎಸ್‌ಒ 100ರಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ಬೆಳ್ಳಗೆ ಮಾಡುವುದರಿಂದ ಲಾಭವಿಲ್ಲ, ಕೆಲವೊಮ್ಮೆ ನಷ್ಟವೇ. ನಾಯ್ಸಿಗೆ ಹೆದರಿ ಷಟರನ್ನು ನಿಧಾನ ಮಾಡಿ ಚಿತ್ರವನ್ನು ಅಲುಗಿಸಿಕೊಳ್ಳುವುದು ಕಲಿಯುವವರಲ್ಲಿ ಅತಿ ಸಾಮಾನ್ಯ. ನಾಯ್ಸನ್ನು ತಂತ್ರಾಂಶ ಬಹುಮಟ್ಟಿಗೆ ತಗ್ಗಿಸಬಲ್ಲದು, ಅಲುಗಿದ ಚಿತ್ರವನ್ನು ಅಷ್ಟು ಚೆನ್ನಾಗಿ ಸರಿಪಡಿಸಲಾರದು.

ಸಮತೋಲ: ಒಂದೆಡೆ ಕಳೆದುಕೊಂಡ ಸ್ಟಾಪನ್ನು ಇನ್ನೊಂದೆಡೆ ತುಂಬಿಕೊಂಡರೆ ಚಿತ್ರದ ಹೊಳಪು ಬದಲಾಗುವುದಿಲ್ಲ. ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟು, ಷಟರನ್ನು ಐಎಸ್‌ಒ ಸಂಖ್ಯೆಯ ವಿಲೋಮಕ್ಕೆ ಇಡಬೇಕೆಂಬ 'ಸನ್ನಿ 16' ಸೂತ್ರ ಮೀಟರ್ ಇಲ್ಲದವರಿಗೂ ದಾರಿ ತೋರಿಸುತ್ತದೆ. ಐಎಸ್‌ಒ 100ಕ್ಕೆ ಅದು ಸುಮಾರು ಎಫ್/16, 1/125. ಇದಕ್ಕೆ ಎಫ್/8, 1/500 ಸಮ, ಎಫ್/2.8, 1/4000 ಕೂಡ ಸಮ. ಮೂರರಲ್ಲೂ ಬೆಳಕು ಒಂದೇ, ಚಿತ್ರಗಳು ಮಾತ್ರ ಬೇರೆ. ಇಂಥ ಸಮಾನ ಜೋಡಿಗಳಿಗೆಲ್ಲ ಒಂದೇ ಅಂಕೆ ಕೊಡುವ ಪದ್ಧತಿಯೇ ಎಕ್ಸ್‌ಪೋಷರ್ ವ್ಯಾಲ್ಯೂ ಅಥವಾ ಇವಿ. ಎಫ್/1, 1 ಸೆಕೆಂಡಿಗೆ ಇವಿ 0. ಮೇಲಿನ ಬಿಸಿಲಿನ ಜೋಡಿಗಳಿಗೆ ಇವಿ 15.

ಮೀಟರ್: ಕ್ಯಾಮೆರಾದೊಳಗಿನ ಮೀಟರ್ ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನು ಅಳೆಯುತ್ತದೆ. ಕಾಣುತ್ತಿರುವುದು ಮಂಕು ಬೆಳಕಿನಲ್ಲಿರುವ ಬಿಳಿ ಗೋಡೆಯೋ ಪ್ರಖರ ಬೆಳಕಿನಲ್ಲಿರುವ ಕಪ್ಪು ಗೋಡೆಯೋ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ದೃಶ್ಯದ ಸರಾಸರಿ ನಡುವಿನ ಬೂದು ಬಣ್ಣದ್ದು ಎಂದು ಎಣಿಸಿ ಲೆಕ್ಕ ಹಾಕುತ್ತದೆ. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ಬಿದ್ದ ಬೆಳಕಿನ ಶೇ. 18ರಷ್ಟನ್ನು ಹಿಂದಿರುಗಿಸುತ್ತದೆ. ಸಾಮಾನ್ಯ ದೃಶ್ಯಗಳಲ್ಲಿ ಈ ಎಣಿಕೆ ಸರಿಹೋಗುತ್ತದೆ. ಒಂದೇ ಛಾಯೆ ಚೌಕಟ್ಟು ತುಂಬಿದಾಗ ತಪ್ಪುತ್ತದೆ. ಮುಳ್ಳಯ್ಯನಗಿರಿಯ ಬಿಳಿ ಮಂಜು ಚಿತ್ರದಲ್ಲಿ ಕೊಳಕು ಬೂದಿಯಾಗುತ್ತದೆ, ಅಲ್ಲಿ ಒಂದು ಸ್ಟಾಪ್ ಅಥವಾ ಹೆಚ್ಚು ಕೂಡಿಸಬೇಕು. ನಾಗರಹೊಳೆಯ ಕಾಟಿಯೊಂದು ಚೌಕಟ್ಟು ತುಂಬಿ ನಿಂತರೆ ಅದರ ಕಡುಗಪ್ಪು ಮೈ ಬೂದು ಬಣ್ಣಕ್ಕೆ ತಿರುಗುತ್ತದೆ, ಅಲ್ಲಿ ಕಳೆಯಬೇಕು. ರಂಗನತಿಟ್ಟಿನಲ್ಲಿ ನೆರಳಿನ ಗಿಡಗಳ ಮುಂದೆ ಬಿಸಿಲಿಗೆ ಕುಳಿತ ಬೆಳ್ಳಕ್ಕಿಯದು ಮತ್ತೂ ಕಷ್ಟದ ಪ್ರಸಂಗ: ಕಪ್ಪು ಹಿನ್ನೆಲೆಯನ್ನು ಕಂಡು ಮೀಟರ್ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಗರಿಗಳು ವಿವರವಿಲ್ಲದ ಬಿಳಿ ಕಲೆಯಾಗುತ್ತವೆ. ಹಕ್ಕಿ ಬಿಳಿಯಾಗಿದ್ದರೂ ಇಲ್ಲಿ ಕಳೆಯಬೇಕಾದೀತು. ಹೀಗೆ ಕೂಡಿಸಿ ಕಳೆಯುವ ಗುಂಡಿಯನ್ನು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎನ್ನುತ್ತಾರೆ. ಕ್ಯಾಮೆರಾದ ನಿಯಂತ್ರಣಗಳಲ್ಲಿ ಮೊದಲು ಕಲಿಯಬೇಕಾದದ್ದು ಇದು.

ಚೌಕಟ್ಟಿನ ಎಷ್ಟು ಭಾಗವನ್ನು ಅಳೆಯಬೇಕೆಂಬುದಕ್ಕೂ ಆಯ್ಕೆಗಳಿವೆ. 1983ರ ನಿಕಾನ್ ಎಫ್‌ಎ ಕ್ಯಾಮೆರಾ ಚೌಕಟ್ಟನ್ನು ಐದು ಭಾಗ ಮಾಡಿ ಅಳೆದು ಹೋಲಿಸುವ ಪದ್ಧತಿಯನ್ನು ತಂದಿತು. ಇಂದಿನ ಮ್ಯಾಟ್ರಿಕ್ಸ್ ಮೀಟರಿಂಗ್ ಅದರ ಬೆಳೆದ ರೂಪ. ನಡುಭಾಗಕ್ಕೆ ಹೆಚ್ಚು ತೂಕ ಕೊಡುವ ಪದ್ಧತಿ ಇನ್ನೊಂದು. ಸ್ಪಾಟ್ ಮೀಟರಿಂಗ್ ಚೌಕಟ್ಟಿನ ಶೇ. 1ರಿಂದ 5ರಷ್ಟು ಜಾಗವನ್ನು ಮಾತ್ರ ನೋಡುತ್ತದೆ. ಕತ್ತಲ ಗದ್ದೆಯ ನಡುವೆ ರಂಗಸ್ಥಳದಲ್ಲಷ್ಟೇ ಬೆಳಕಿರುವ ಯಕ್ಷಗಾನದ ಬಯಲಾಟದಲ್ಲಿ ಇದು ತುಂಬ ಉಪಯುಕ್ತ: ವೇಷದ ಮುಖವನ್ನು ಅಳೆದುಕೊಂಡರೆ ಸುತ್ತಲ ಕತ್ತಲು ಲೆಕ್ಕ ಕೆಡಿಸುವುದಿಲ್ಲ. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಜೋನ್ ಪದ್ಧತಿಯ ತಿರುಳೂ ಇಂಥದೇ. ದೃಶ್ಯದ ಮುಖ್ಯ ಭಾಗವೊಂದನ್ನು ಅಳೆದು, ಅದು ಚಿತ್ರದಲ್ಲಿ ಎಷ್ಟು ಕಪ್ಪಾಗಿ ಅಥವಾ ಬೆಳ್ಳಗೆ ಬರಬೇಕೆಂದು ಛಾಯಾಗ್ರಾಹಕರೇ ತೀರ್ಮಾನಿಸುವುದು ಅದರ ಕ್ರಮ.

ಹಿಸ್ಟೋಗ್ರಾಮ್ ಮತ್ತು ವ್ಯಾಪ್ತಿ: ಬಿಸಿಲಿನಲ್ಲಿ ಕ್ಯಾಮೆರಾದ ಪರದೆಯನ್ನು ನೋಡಿ ಎಕ್ಸ್‌ಪೋಷರ್ ನಿರ್ಣಯಿಸುವುದು ಮೋಸದ ದಾರಿ. ಹಿಸ್ಟೋಗ್ರಾಮ್ ನಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ. ಎತ್ತರ ಆಯಾ ಛಾಯೆಯ ಪಿಕ್ಸೆಲ್‌ಗಳ ಸಂಖ್ಯೆಯನ್ನು ತೋರಿಸುತ್ತದೆ. ಇಂಥದ್ದೇ ಆಕಾರ ಸರಿ ಎಂಬ ನಿಯಮವಿಲ್ಲ. ಗಮನಿಸಬೇಕಾದದ್ದು ನಕ್ಷೆ ಬಲಗೋಡೆಗೆ ಒತ್ತಿಕೊಂಡಿದೆಯೇ ಎಂಬುದನ್ನು. ಪಿಕ್ಸೆಲ್ ತನ್ನ ಧಾರಣಶಕ್ತಿ ತುಂಬಿದ ಮೇಲೆ ಎಷ್ಟು ಬೆಳಕು ಬಿದ್ದರೂ ಒಂದೇ ಬಿಳಿ ದಾಖಲಾಗುತ್ತದೆ, ಅಲ್ಲಿನ ವಿವರ ಮರಳಿ ಸಿಗುವುದಿಲ್ಲ. ನೆರಳಿನಲ್ಲಿ ಅಡಗಿದ ವಿವರವನ್ನಾದರೆ ನಾಯ್ಸಿನ ಸಮೇತ ಹೊರತೆಗೆಯಬಹುದು. ಈ ಕಾರಣಕ್ಕೆ, ಬೆಳಕಿನ ಭಾಗಗಳು ಕರಗದ ಮಟ್ಟಿಗೆ ಎಷ್ಟು ಹೆಚ್ಚು ಬೆಳಕು ಕೊಡಬಹುದೋ ಅಷ್ಟು ಕೊಟ್ಟು ಆಮೇಲೆ ಇಳಿಸಿಕೊಳ್ಳುವುದು ಸಂಸ್ಕರಿಸದ ರಾ ಕಡತದಲ್ಲಿ ತೆಗೆಯುವವರ ಒಳ್ಳೆಯ ಅಭ್ಯಾಸ. 14 ಬಿಟ್ ರಾ ಕಡತದಲ್ಲಿ 16,384 ಮಟ್ಟಗಳಿವೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ.

ಕರಗುವ ಬಿಳಿಯಿಂದ ನಾಯ್ಸಿನಲ್ಲಿ ಮುಳುಗುವ ಕಪ್ಪಿನವರೆಗಿನ ಅಂತರವೇ ಡೈನಾಮಿಕ್ ರೇಂಜ್. ಸ್ಲೈಡ್ ಫಿಲ್ಮಿಗೆ ಇದು ಐದಾರು ಸ್ಟಾಪ್ ಇತ್ತು. ಒಳ್ಳೆಯ ಡಿಜಿಟಲ್ ಸೆನ್ಸರಿಗೆ ಕಡಿಮೆ ಐಎಸ್‌ಒದಲ್ಲಿ ಹನ್ನೆರಡರ ಆಸುಪಾಸು. ಬೇಲೂರಿನ ನವರಂಗದ ಕತ್ತಲ ಕಂಬಗಳ ನಡುವಿನಿಂದ ಬಿಸಿಲ ಅಂಗಳ ಕಾಣುವಂಥ ದೃಶ್ಯ ಇದನ್ನೂ ಪರೀಕ್ಷೆಗೆ ಒಡ್ಡುತ್ತದೆ. ಆಗ ಟ್ರೈಪಾಡಿನ ಮೇಲೆ ಬೇರೆ ಬೇರೆ ಷಟರ್ ಅವಧಿಯಲ್ಲಿ ಹಲವು ಚಿತ್ರ ತೆಗೆದು ಒಂದುಗೂಡಿಸುವ ಬ್ರ್ಯಾಕೆಟಿಂಗ್ ನೆರವಿಗೆ ಬರುತ್ತದೆ.

ವಿಧಾನಗಳು: ಎಂ ವಿಧಾನದಲ್ಲಿ ಎಲ್ಲವೂ ಕೈಯಿಂದ. ಎ ಅಥವಾ ಎವಿ ವಿಧಾನದಲ್ಲಿ ಅಪರ್ಚರನ್ನು ಆರಿಸಿದರೆ ಕ್ಯಾಮೆರಾ ಷಟರ್ ಹೊಂದಿಸುತ್ತದೆ. ಎಸ್ ಅಥವಾ ಟಿವಿಯಲ್ಲಿ ಇದರ ತಿರುಗುಮುರುಗು. ಪಿಯಲ್ಲಿ ಎರಡನ್ನೂ ಕ್ಯಾಮೆರಾವೇ ಆರಿಸುತ್ತದೆ. ಎಂ ವಿಧಾನವೊಂದೇ ಪರಿಣತರದು ಎಂಬ ನಂಬಿಕೆಗೆ ಆಧಾರವಿಲ್ಲ. ಬೆಳಕು ಕ್ಷಣಕ್ಷಣಕ್ಕೂ ಬದಲಾಗುವ ಕಾಡಿನಲ್ಲಿ ಎ ವಿಧಾನವೇ ಹೆಚ್ಚು ಚುರುಕು. ಬೆಳಕು ಸ್ಥಿರವಾಗಿದ್ದು ಹಿನ್ನೆಲೆ ಬದಲಾಗುತ್ತಿರುವ ವೇದಿಕೆಯಲ್ಲಿ ಎಂ ಸರಿ. ಅಪರ್ಚರ್, ಷಟರ್ ಎರಡನ್ನೂ ಕೈಯಲ್ಲಿಟ್ಟುಕೊಂಡು ಐಎಸ್‌ಒವನ್ನು ಆಟೋಗೆ ಬಿಡುವ ಕ್ರಮ ಹಕ್ಕಿ ಛಾಯಾಗ್ರಾಹಕರಿಗೆ ಅಚ್ಚುಮೆಚ್ಚು. ಯಕ್ಷಗಾನದ ವೇಷಧಾರಿ ದಿಗಿಣ ಹಾಕುವಾಗ ಎಫ್/2.8, 1/500 ಇಟ್ಟು ಐಎಸ್‌ಒ ಎಷ್ಟಕ್ಕೆ ಏರಿದರೂ ಏರಲಿ ಎಂದು ಬಿಡುವುದು ಸರಿಯಾದ ಆದ್ಯತೆ.

ಫ್ಲಾಶ್ ಬಳಸಿದಾಗ ಒಂದೇ ಚಿತ್ರದಲ್ಲಿ ಎರಡು ಎಕ್ಸ್‌ಪೋಷರ್ ಇದ್ದಂತೆ. ಫ್ಲಾಶಿನ ಮಿಂಚು ಷಟರ್ ತೆರೆದಿರುವ ಅವಧಿಗಿಂತ ತುಂಬ ಕಿರಿದಾದ್ದರಿಂದ ಅದರ ಬೆಳಕನ್ನು ಅಪರ್ಚರ್, ಐಎಸ್‌ಒ, ಫ್ಲಾಶಿನ ಶಕ್ತಿ ಮತ್ತು ದೂರ ನಿರ್ಧರಿಸುತ್ತವೆ. ಷಟರ್ ಅವಧಿಯಿಂದ ಬದಲಾಗುವುದು ಸುತ್ತಲ ಬೆಳಕಿನ ಪಾಲು. ಮದುವೆಮನೆಯ ಚಿತ್ರಗಳಲ್ಲಿ ವಧೂವರರು ಬೆಳಗಿ ಹಿಂದಿನ ಅಲಂಕಾರವೆಲ್ಲ ಕಪ್ಪಾಗಿದ್ದರೆ ಷಟರನ್ನು 1/200ರಿಂದ 1/50ಕ್ಕೆ ತಂದರೆ ಹಿನ್ನೆಲೆ ಎರಡು ಸ್ಟಾಪ್ ಎದ್ದುಬರುತ್ತದೆ. ದೂರ ಇಮ್ಮಡಿಯಾದರೆ ಫ್ಲಾಶಿನ ಬೆಳಕು ಕಾಲು ಭಾಗಕ್ಕಿಳಿಯುವುದರಿಂದ ಹಿಂದಿನ ಸಾಲಿನವರು ಮಂಕಾಗುತ್ತಾರೆ.

ಮೊಬೈಲ್ ಫೋನುಗಳ ಕ್ಯಾಮೆರಾಗಳಲ್ಲಿ ಬಹುಪಾಲು ಅಪರ್ಚರ್ ಬದಲಾಗುವುದೇ ಇಲ್ಲ; ಷಟರ್ ಮತ್ತು ಐಎಸ್‌ಒ ಎರಡೇ ಅವುಗಳ ಸಾಧನ. ಎಫ್/1.8 ಎಂದು ಬರೆದಿದ್ದರೂ ಸೆನ್ಸರ್ ತೀರ ಚಿಕ್ಕದಾದ್ದರಿಂದ ಹಿನ್ನೆಲೆ ಅಷ್ಟಾಗಿ ಮಸುಕಾಗದು, ಒಟ್ಟು ಸಂಗ್ರಹವಾಗುವ ಬೆಳಕೂ ಕಡಿಮೆ. ಭಾವಚಿತ್ರಗಳಲ್ಲಿ ಕಾಣುವ ಮಸುಕನ್ನು ಹೆಚ್ಚಾಗಿ ತಂತ್ರಾಂಶ ಸೇರಿಸಿರುತ್ತದೆ. ಬೆಳಕಿನ ಕೊರತೆಯನ್ನು ಅವು ತುಂಬಿಕೊಳ್ಳುವ ದಾರಿ ಬೇರೆ: ಗುಂಡಿ ಒತ್ತಿದ ಹೊತ್ತಿನಲ್ಲಿ ಕಡಿಮೆ ಅವಧಿಯ ಅನೇಕ ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಹೊಂದಿಸಿ, ಸರಾಸರಿ ಮಾಡುತ್ತವೆ. ಗೂಗಲ್ 2013ರಲ್ಲಿ ಹೊರತಂದ ಎಚ್‌ಡಿಆರ್ ಪ್ಲಸ್ ಈ ಕ್ರಮವನ್ನು ಜನಪ್ರಿಯಗೊಳಿಸಿತು. ಒಂಬತ್ತು ಚಿತ್ರಗಳ ಸರಾಸರಿಯಲ್ಲಿ ನಾಯ್ಸ್ ಮೂರನೇ ಒಂದಕ್ಕಿಳಿಯುತ್ತದೆ, ಏಕೆಂದರೆ ಒಟ್ಟು ಬೆಳಕು ಒಂಬತ್ತು ಪಟ್ಟಾಗಿರುತ್ತದೆ. ಪರದೆಯ ಮೇಲೆ ಬೇಕಾದ ಕಡೆ ಬೆರಳೊತ್ತಿದರೆ ಫೋನು ಅಲ್ಲಿಗೆ ಮೀಟರ್ ಮಾಡುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆಯುವುದು ಎಕ್ಸ್‌ಪೋಷರ್ ಕಾಂಪೆನ್ಸೇಷನ್ನಿನ ಕೆಲಸವನ್ನೇ ಮಾಡುತ್ತದೆ.